ಮೊದಲ ತಿಂಗಳನ್ನು ಮಕ್ಕಳಿಗೆ ಬಿಟ್ಟುಕೊಡಿ: ಪ್ರೌಢಶಾಲೆಗಳ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯರೇ, ಆಡಳಿತ ಮಂಡಳಿಯ ಸದಸ್ಯರೇ,

ರಜೆ ಮುಗಿಯುತ್ತಾ ಬಂತು. ಶಾಲೆ ತೆರೆಯುವ ಮುಂಚಿನ ಸಭೆಯ ತಯಾರಿಯಲ್ಲಿ ನೀವಿರುತ್ತೀರಿ. ವೇಳಾಪಟ್ಟಿ, ಸೆಕ್ಷನ್ ಹಂಚಿಕೆ, ಮೊದಲ ಕಿರುಪರೀಕ್ಷೆಯ ದಿನಾಂಕ, ಈ ವರ್ಷ ಮುಟ್ಟಬೇಕಾದ ಫಲಿತಾಂಶ, ಇಷ್ಟೆಲ್ಲ ಚರ್ಚೆಯಾಗಿ ಎಲ್ಲರೂ ಪುಸ್ತಕ ಮುಚ್ಚಿ ಏಳುವ ಹೊತ್ತಿಗೆ ‘ಮಕ್ಕಳ ಮಾನಸಿಕ ಆರೋಗ್ಯ’ ಎಂಬ ವಿಷಯ ಬರುತ್ತದೆ. ಯಾರೋ ಒಬ್ಬರು “ತಜ್ಞರನ್ನು ಕರೆಸಿ ಒಂದು ಉಪನ್ಯಾಸ ಇಡಿಸೋಣ” ಎನ್ನುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಸಭೆ ಬರಖಾಸ್ತು. ಇಂಥ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿದವರಲ್ಲಿ ನಾನೂ ಒಬ್ಬಳು, ಪ್ರೌಢಶಾಲೆಯ ತರಗತಿ ಶಿಕ್ಷಕಿ.

ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಹೊಸ ಕಾರ್ಯಕ್ರಮವನ್ನಲ್ಲ. ಕಾರ್ಯಕ್ರಮಗಳು ನಮ್ಮಲ್ಲಿ ಬೇಕಾದಷ್ಟಿವೆ. ಮೊದಲ ತಿಂಗಳಲ್ಲಿ ನಾವು ಮಾಡುವ ಕೆಲವು ಕೆಲಸಗಳನ್ನು ಮುಂದಕ್ಕೆ ಹಾಕಿ, ಒಂದೆರಡನ್ನು ಪೂರ್ತಿ ಬಿಟ್ಟುಬಿಡಿ, ಹಾಗೆ ಉಳಿದ ಸಮಯದಲ್ಲಿ ಪ್ರತಿಯೊಂದು ಮಗುವನ್ನೂ ಶಾಲೆಯ ಯಾರಾದರೂ ಒಬ್ಬ ದೊಡ್ಡವರು ಸರಿಯಾಗಿ ಪರಿಚಯ ಮಾಡಿಕೊಳ್ಳುವಂತೆ ನೋಡಿಕೊಳ್ಳಿ ಎನ್ನುವುದಷ್ಟೇ ನನ್ನ ಕೋರಿಕೆ.

ವರ್ಷದ ಆರಂಭಕ್ಕೆ ಇಷ್ಟು ಮಹತ್ವ ಯಾಕೆ ಎಂದು ನೀವು ಕೇಳಬಹುದು. ಹದಿಮೂರು ಹದಿನಾಲ್ಕರ ಮಗುವಿನ ದೃಷ್ಟಿಯಿಂದ ಆ ಮೊದಲ ವಾರವನ್ನು ಸ್ವಲ್ಪ ನೋಡಿ. ಹಳೆಯ ಗೆಳತಿ ‘ಬಿ’ ಸೆಕ್ಷನ್‌ಗೆ ಹೋಗಿದ್ದಾಳೆ. ರಜೆಯಲ್ಲಿ ಧ್ವನಿ ಒಡೆದಿದೆ, ಇಲ್ಲವೇ ಎಲ್ಲರ ಧ್ವನಿಯೂ ಒಡೆದು ತನ್ನದು ಮಾತ್ರ ಹಾಗೇ ಇದೆ. ಮುಖದ ಮೇಲೆ ಮೊಡವೆ ಎದ್ದಿವೆ. ಪ್ರತಿ ಪಿರಿಯಡ್‌ಗೂ ಹೊಸ ಮೇಷ್ಟರು, ಹೊಸ ನಿಯಮ, “ಈ ವರ್ಷ ಹುಡುಗಾಟ ನಡೆಯಲ್ಲ” ಎಂಬ ಹಳೆಯ ಎಚ್ಚರಿಕೆ. ಬೇರೆ ಶಾಲೆಯಿಂದ ಬಂದ ಮಗುವಾದರೆ ಶೌಚಾಲಯ ಎಲ್ಲಿದೆ ಎಂದು ಕೇಳುವುದಕ್ಕೂ ಸಂಕೋಚ. ದೊಡ್ಡವರಾದ ನಮಗೆ ಹೊಸ ಕಚೇರಿಯಲ್ಲಿ ಇಷ್ಟೆಲ್ಲ ಒಟ್ಟಿಗೆ ಎದುರಾದರೆ ಎರಡು ದಿನ ತಲೆನೋವಿನ ರಜೆ ಹಾಕಿಬಿಡುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 10ರಿಂದ 19 ವರ್ಷದೊಳಗಿನ ಪ್ರತಿ 7 ಮಂದಿಯಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ಆರೋಗ್ಯದ ತೊಂದರೆ ಇರುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಐದಾರು ಮಂದಿ ಎಂದಾಯಿತು. ಜೀವನದಲ್ಲಿ ಎಂದಾದರೂ ಕಾಣಿಸಿಕೊಳ್ಳುವ ಇಂಥ ತೊಂದರೆಗಳಲ್ಲಿ ಮೂರನೇ ಒಂದರಷ್ಟು 14 ವರ್ಷಕ್ಕೆ ಮುಂಚೆ, ಅರ್ಧದಷ್ಟು 18ಕ್ಕೆ ಮುಂಚೆ ಶುರುವಾಗುತ್ತವೆ. ಅಂದರೆ ಮಕ್ಕಳು ನಮ್ಮ ಬೆಂಚುಗಳ ಮೇಲೆ ಕೂತಿರುವ ವರ್ಷಗಳಲ್ಲೇ. ಹಾಗೆಂದು ಮೊದಲ ವಾರ ಮಂಕಾಗಿ ಕೂತ ಪ್ರತಿ ಮಗುವಿಗೂ ಕಾಯಿಲೆಯ ಹೆಸರು ಅಂಟಿಸುವುದು ಬೇಡ. ಬಹುಪಾಲು ಮಕ್ಕಳದ್ದು ಹೊಸ ಜಾಗದ ಸಹಜ ತಳಮಳ, ಒಂದಿಷ್ಟು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಈ ತಳಮಳ ಯಾವುದು, ಆ ಐದಾರು ಮಕ್ಕಳ ಕಷ್ಟ ಯಾವುದು ಎಂದು ಬೇರ್ಪಡಿಸಿ ನೋಡಬೇಕಾದರೆ ಮಗುವನ್ನು ದಿನವೂ ಗಮನಿಸುವ ಒಂದು ಜೊತೆ ಕಣ್ಣು ಬೇಕು. ಉಪನ್ಯಾಸದಿಂದ ಅದು ಆಗುವ ಕೆಲಸವಲ್ಲ.

ಉಪನ್ಯಾಸದ ಮೇಲೆ ನನಗೆ ದ್ವೇಷವಿಲ್ಲ. ಆದರೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಒಂದೇ ಮದ್ದು ಕುಡಿಸುವುದರಿಂದ ಎಷ್ಟು ಉಪಯೋಗ ಎಂಬುದನ್ನು ಬ್ರಿಟನ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದಾರೆ. ‘ಮಿರಿಯಡ್’ ಎಂಬ ಆ ಅಧ್ಯಯನದಲ್ಲಿ 80ಕ್ಕೂ ಹೆಚ್ಚು ಶಾಲೆಗಳ, 8,000ಕ್ಕೂ ಹೆಚ್ಚು ಮಕ್ಕಳು ಭಾಗವಹಿಸಿದ್ದರು. 11ರಿಂದ 14 ವರ್ಷದವರು. ಅರ್ಧದಷ್ಟು ಶಾಲೆಗಳಲ್ಲಿ ತರಬೇತಿ ಪಡೆದ ಶಿಕ್ಷಕರೇ ‘ಮೈಂಡ್‌ಫುಲ್‌ನೆಸ್’, ಅಂದರೆ ಉಸಿರು, ಯೋಚನೆಗಳನ್ನು ಆ ಕ್ಷಣದಲ್ಲಿ ಗಮನವಿಟ್ಟು ನೋಡುವ ಅಭ್ಯಾಸದ ಪಾಠ ಮಾಡಿದರು. 2022ರಲ್ಲಿ ಫಲಿತಾಂಶ ಹೊರಬಂತು: ಎಂದಿನ ಪಾಠಗಳಷ್ಟೇ ನಡೆದ ಶಾಲೆಗಳಿಗಿಂತ ಈ ಮಕ್ಕಳ ಮನಸ್ಥಿತಿ ಉತ್ತಮವಾಗೇನೂ ಇರಲಿಲ್ಲ. ಬಹಳಷ್ಟು ಮಕ್ಕಳು ಮನೆಯಲ್ಲಿ ಅದನ್ನು ಅಭ್ಯಾಸ ಮಾಡುವ ಗೋಜಿಗೇ ಹೋಗಿರಲಿಲ್ಲ. (ನಾವು ಕೊಟ್ಟ ಹೋಂವರ್ಕ್‌ಗೂ ಅದೇ ಗತಿ ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ನಗಬಹುದು.) ಮಕ್ಕಳ ಮನಸ್ಸಿಗೆ ಏನು ಹೇಳಿಕೊಡಬೇಕು ಎಂಬುದಕ್ಕಿಂತ, ದಿನದ ಆರೇಳು ಗಂಟೆ ಶಾಲೆ ಅವರೊಡನೆ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ದೊಡ್ಡ ಪ್ರಶ್ನೆ ಎಂದು ನನಗೆ ಅನ್ನಿಸುವುದು ಇದಕ್ಕೇ.

ಆ ನಡವಳಿಕೆಯ ಒಂದು ಸಣ್ಣ ತುಣುಕನ್ನು ತೋರಿಸುತ್ತೇನೆ. ತರಗತಿಯಲ್ಲಿ ನಾವು ಯೋಚಿಸದೆ ಆಡುವ ಮಾತೊಂದಿದೆ: “ನಿಮಗೆ ಬೇಕಾದವರ ಜೊತೆ ನಾಲ್ಕು ನಾಲ್ಕು ಜನ ಗುಂಪು ಮಾಡಿಕೊಳ್ಳಿ.” ಸ್ವಾತಂತ್ರ್ಯ ಕೊಟ್ಟೆವೆಂದು ನಮಗೆ ಸಮಾಧಾನ. ಮುಂದಿನ ಅರ್ಧ ನಿಮಿಷ ನೋಡಬೇಕು. ಬೆಂಚುಗಳು ಸರಿಯುವ ಸದ್ದು, ಹೆಸರು ಹಿಡಿದು ಕೂಗಾಟ, ಕಣ್ಸನ್ನೆ. ಅಷ್ಟರಲ್ಲಿ ಒಬ್ಬ ಹುಡುಗ ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳಲು ಶುರುಮಾಡುತ್ತಾನೆ. ಲೇಸ್ ಬಿಚ್ಚಿರಲೇ ಇಲ್ಲ. ಬಿಚ್ಚಿ ಮತ್ತೆ ಕಟ್ಟುತ್ತಾನೆ. ಗುಂಪುಗಳೆಲ್ಲ ಕೂತ ಮೇಲೆ ನಾವು “ಯಾರು ಉಳಿದಿದ್ದೀರಿ, ಕೈ ಎತ್ತಿ” ಎನ್ನುತ್ತೇವೆ. ಉಳಿದವನು ಎಲ್ಲರೆದುರು ಕೈ ಎತ್ತಬೇಕು. ಆಮೇಲೆ “ಇವನನ್ನು ಯಾರು ಸೇರಿಸಿಕೊಳ್ಳುತ್ತೀರಿ?” ಎಂಬ ಹರಾಜು. ಮುಂದಿನ ವಾರ ಗುಂಪು ಚಟುವಟಿಕೆ ಎಂದ ತಕ್ಷಣ ಅವನು ಶೌಚಾಲಯಕ್ಕೆ ಅನುಮತಿ ಕೇಳುತ್ತಾನೆ. ಅದಕ್ಕೂ ಮುಂದಿನ ವಾರ ಹೊಟ್ಟೆನೋವೆಂದು ಶಾಲೆಗೇ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ‘ಗೈರು’ ಬೀಳುತ್ತದೆ. ಕಾರಣದ ಅಂಕಣವಿದ್ದರೆ ಅಲ್ಲಿ ‘ಅನಾರೋಗ್ಯ’.

ಮೊದಲ ತಿಂಗಳು ಗುಂಪುಗಳನ್ನು ಶಿಕ್ಷಕರೇ ಮಾಡಲಿ. ಪೂರ್ವಯೋಜನೆಯಿಂದ, ವಾರಕ್ಕೊಮ್ಮೆ ಬದಲಿಸುತ್ತಾ. ಕೂರುವ ಜಾಗವೂ ಹಾಗೆಯೇ. ಇದಕ್ಕೆ ಪೈಸೆ ಖರ್ಚಿಲ್ಲ, ಆದೇಶವೂ ಬೇಕಿಲ್ಲ, ನಿಮ್ಮದೊಂದು ಮಾತು ಸಾಕು.

ಊಟದ ಬಿಡುವಿನ ಕಥೆಯೂ ಇಂಥದ್ದೇ. ಪಾಠದ ಹೊತ್ತಿನಲ್ಲಿ ಒಂಟಿತನವನ್ನು ಮುಚ್ಚಿಡಬಹುದು, ಎಲ್ಲರೂ ಮುಂದೆ ನೋಡುತ್ತಿರುತ್ತಾರೆ. ಬಿಡುವಿನಲ್ಲಿ ಆಗದು. ಗ್ರಂಥಾಲಯದಲ್ಲಿ ಪುಸ್ತಕ ತೆರೆದು ಅರ್ಧ ಗಂಟೆ ಹಾಳೆ ತಿರುವದೆ ಕೂತ ಹುಡುಗಿಗೆ ಓದುವ ಹುಚ್ಚು ಎಂದುಕೊಳ್ಳುವುದು ಸುಲಭ. ಬಿಡುವಿನ ಮೇಲ್ವಿಚಾರಣೆಯೆಂದರೆ ಜಗಳ ಬಿಡಿಸುವುದು, ಓಡಬೇಡಿ ಎನ್ನುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಸದ್ದು ಮಾಡದವರು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಆ ಹುಡುಗಿಯ ಬಳಿ ಹೋಗಿ “ಯಾಕೆ ಒಬ್ಬಳೇ ಕೂತಿದ್ದೀಯಾ?” ಎಂದು ಕೇಳಬೇಡಿ, ಅದು ಗಾಯವನ್ನು ಒತ್ತಿದ ಹಾಗೆ. “ಈ ಪುಸ್ತಕಗಳನ್ನು ಜೋಡಿಸಬೇಕು, ನೀನೂ ಅವಳೂ ಬರ್ತೀರಾ?” ಎಂದು ಇನ್ನೊಬ್ಬಳ ಜೊತೆ ಒಂದು ಕೆಲಸ ಕೊಡಿ. ಈ ವಯಸ್ಸಿನ ಮಕ್ಕಳಿಗೆ ಎದುರುಬದುರು ಕೂತು ಸ್ನೇಹ ಮಾಡಿಕೊಳ್ಳುವುದು ಕಷ್ಟ, ಕೈಯಲ್ಲಿ ಕೆಲಸವಿದ್ದರೆ ಮಾತು ತಾನಾಗಿ ಹುಟ್ಟುತ್ತದೆ.

‘ಇಲ್ಲಿ ನನಗೂ ಜಾಗವಿದೆ’ ಎಂಬ ಭಾವನೆಗೂ ಓದಿಗೂ ಏನು ಸಂಬಂಧ ಎನ್ನುವವರು ಮಂಡಳಿಗಳಲ್ಲಿ ಇದ್ದೇ ಇರುತ್ತಾರೆ. ಅವರಿಗಾಗಿ ಒಂದು ಅಧ್ಯಯನ. ಅಮೆರಿಕದ ಒಂದು ಜಿಲ್ಲೆಯ 11 ಶಾಲೆಗಳಲ್ಲಿ, ಹೊಸದಾಗಿ ಮಾಧ್ಯಮಿಕ ಹಂತಕ್ಕೆ ಬಂದ 1,304 ಆರನೇ ತರಗತಿ ಮಕ್ಕಳ ಮೇಲೆ ಜೆಫ್ರಿ ಬೋರ್ಮನ್ ಮತ್ತು ಸಂಗಡಿಗರು ನಡೆಸಿದ್ದು, 2019ರಲ್ಲಿ ಪ್ರಕಟವಾಯಿತು. ಅವರು ಮಾಡಿಸಿದ್ದು ಬಹಳ ಸರಳ. ಹಿಂದಿನ ವರ್ಷದ ಮಕ್ಕಳು “ನಮಗೂ ಮೊದಮೊದಲು ಹೆದರಿಕೆಯಾಗಿತ್ತು, ಆಮೇಲೆ ಸರಿಹೋಯಿತು, ಮೇಷ್ಟರೂ ಸಹಾಯ ಮಾಡಿದರು” ಎಂದು ಹೇಳಿದ್ದನ್ನು ಓದಲು ಕೊಟ್ಟರು. ಆಮೇಲೆ ಮಕ್ಕಳು ತಮ್ಮ ಅನುಭವವನ್ನು ಬರೆದರು. ವರ್ಷದ ಮೊದಲ ಭಾಗದಲ್ಲಿ ಎರಡು ಸಲ, ಪ್ರತಿ ಸಲ ಸುಮಾರು ಕಾಲು ಗಂಟೆ. ಬೇರೇನನ್ನೋ ಬರೆದ ಮಕ್ಕಳಿಗೆ ಹೋಲಿಸಿದರೆ ಇವರಲ್ಲಿ ಅನುತ್ತೀರ್ಣ ಶ್ರೇಣಿಗಳು 18%, ಶಿಸ್ತಿನ ದೂರುಗಳು 34%, ಗೈರುಹಾಜರಿ 12% ಕಡಿಮೆಯಾದವು. ಕಾಲು ಗಂಟೆಯ ಬರವಣಿಗೆ ಎಲ್ಲ ಶಾಲೆಗಳಲ್ಲೂ ಇದೇ ಫಲ ಕೊಡುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಹಿಂದಿನ ವರ್ಷದ ಮಕ್ಕಳನ್ನು ಕರೆಸಿ ಮಾತಾಡಿಸುವುದು ಯಾವ ಶಾಲೆಗೂ ಭಾರವಲ್ಲ. ಹೋದ ವರ್ಷ ಮೊದಲ ರ‍್ಯಾಂಕ್ ಬಂದವಳನ್ನು ಮಾತ್ರ ವೇದಿಕೆ ಹತ್ತಿಸಬೇಡಿ. ಗಣಿತದಲ್ಲಿ ಎರಡು ಸಲ ಎಡವಿದವನೂ ಬರಲಿ. ಮಕ್ಕಳು ನಂಬುವುದು ಅವನನ್ನೇ.

ಇನ್ನೊಂದು ಕೆಲಸ ಶಿಕ್ಷಕರ ಪಾಲಿನದು. ಕೆಲವು ಶಾಲೆಗಳಲ್ಲಿ ರೂಢಿಯಲ್ಲಿದೆ. ಸ್ಟಾಫ್ ರೂಮಿನ ಗೋಡೆಗೆ ಎಲ್ಲ ಮಕ್ಕಳ ಹೆಸರಿನ ಪಟ್ಟಿ ಅಂಟಿಸುತ್ತಾರೆ. ಯಾವ ಮಗುವಿನ ಬಗ್ಗೆ ಅಂಕ, ಹಾಜರಿ ಬಿಟ್ಟು ಬೇರೇನಾದರೂ ಗೊತ್ತೋ, ಕಷ್ಟ ಬಂದರೆ ಯಾವ ಮಗು ನಮ್ಮ ಬಳಿ ಬಂದೀತೋ, ಆ ಹೆಸರಿನ ಮುಂದೆ ಪ್ರತಿ ಶಿಕ್ಷಕರೂ ಒಂದು ಚುಕ್ಕೆ ಇಡಬೇಕು. ಚುರುಕಾದವರ ಮುಂದೆ ಚುಕ್ಕೆಗಳ ಸಾಲು, ತಂಟೆಕೋರರ ಮುಂದೆ ಇನ್ನೂ ಉದ್ದದ ಸಾಲು. ನಡುವಿನ ಒಂದಿಷ್ಟು ಹೆಸರುಗಳ ಮುಂದೆ ಒಂದೂ ಇಲ್ಲ. ಗಲಾಟೆ ಮಾಡದ, ಫೇಲೂ ಆಗದ, ಪ್ರಶ್ನೆಯನ್ನೂ ಕೇಳದ ಮಕ್ಕಳು ಅವರು. ಆ ಖಾಲಿ ಹೆಸರುಗಳನ್ನು ಶಿಕ್ಷಕರು ತಲಾ ಇಬ್ಬರು ಮೂವರಂತೆ ಹಂಚಿಕೊಳ್ಳುತ್ತಾರೆ. ಮಕ್ಕಳಿಗೆ ಇದನ್ನು ತಿಳಿಸುವುದಿಲ್ಲ, ಪಟ್ಟಿ ಅವರ ಕಣ್ಣಿಗೆ ಬೀಳಲೂಬಾರದು. ವಾರಕ್ಕೆ ಎರಡು ಸಲ ಹೆಸರು ಹಿಡಿದು ಮಾತಾಡಿಸಬೇಕು, ಪಾಠದ ವಿಷಯ ಬಿಟ್ಟು. ಅಷ್ಟೇ ನಿಯಮ. ತಿಂಗಳ ಕೊನೆಗೆ ಪಟ್ಟಿಯನ್ನು ಮತ್ತೊಮ್ಮೆ ನೋಡುತ್ತಾರೆ. ನೀವು ಈ ಪತ್ರದಲ್ಲಿ ಒಂದೇ ಒಂದನ್ನು ಒಪ್ಪುವುದಾದರೆ ಇದನ್ನು ಒಪ್ಪಿ.

ಈಗ ನಿದ್ದೆಯ ವಿಚಾರ. ಮೊದಲ ಪಿರಿಯಡ್‌ನಲ್ಲಿ ಆಕಳಿಸುವ ಮಕ್ಕಳನ್ನು ಸೋಮಾರಿಗಳೆಂದು ಬೈಯುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಪ್ರಾಯಕ್ಕೆ ಬರುವಾಗ ದೇಹದ ಒಳಗಡಿಯಾರವೇ ತಡವಾಗಿ ನಡೆಯತೊಡಗುತ್ತದೆ. ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಬೆಳಿಗ್ಗೆ ತಡವಾಗಿ ಇಳಿಯುತ್ತದೆ. ಮೇರಿ ಕಾರ್ಸ್‌ಕಡನ್ ಮುಂತಾದ ವಿಜ್ಞಾನಿಗಳು ದಶಕಗಳಿಂದ ಇದನ್ನೇ ತೋರಿಸುತ್ತಾ ಬಂದಿದ್ದಾರೆ. ಹತ್ತು ಗಂಟೆಗೆ ಮಲಗು ಎಂದರೆ ಹದಿನೈದರ ಹುಡುಗ ಮಲಗಬಹುದು, ನಿದ್ದೆ ಬರುವುದಿಲ್ಲ. ಕೈಯಲ್ಲಿ ಫೋನಿದ್ದರಂತೂ ಮುಗಿದೇ ಹೋಯಿತು. 13ರಿಂದ 18ರ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ತಜ್ಞರ ಶಿಫಾರಸು. ರಜೆಯಲ್ಲಿ ನಡುರಾತ್ರಿ ದಾಟಿ ಮಲಗಿ ಅಭ್ಯಾಸವಾದ ಮಗು ಶಾಲೆ ಶುರುವಾದ ದಿನ ಬೆಳಗಿನ ಜಾವ ಎದ್ದರೆ, ಬೇರೆ ದೇಶದಿಂದ ವಿಮಾನದಲ್ಲಿ ಬಂದಿಳಿದವರ ಪಾಡೇ ಅದರ ಪಾಡು.

ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಹದಿಹರೆಯದವರ ಶಾಲೆಗಳು ಬೆಳಿಗ್ಗೆ 8:30ಕ್ಕಿಂತ ಮುಂಚೆ ಶುರುವಾಗಬಾರದೆಂದು ಹೇಳಿತು. ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನನ್ನೇ ಮಾಡಿತು, 2022ರಿಂದ ಜಾರಿಗೂ ಬಂತು. ಸಿಯಾಟಲ್ ನಗರ 2016ರಲ್ಲಿ ಪ್ರೌಢಶಾಲೆಗಳ ಆರಂಭವನ್ನು 7:50ರಿಂದ 8:45ಕ್ಕೆ ತಳ್ಳಿದಾಗ ಮಕ್ಕಳು ಇನ್ನಷ್ಟು ತಡವಾಗಿ ಮಲಗುತ್ತಾರಷ್ಟೇ ಎಂದು ಹಲವರು ಮೂಗು ಮುರಿದಿದ್ದರು. ಎರಡು ಶಾಲೆಗಳ ಮಕ್ಕಳ ಮಣಿಕಟ್ಟಿಗೆ ಸಾಧನ ಕಟ್ಟಿ ಅಳೆದು ನೋಡಿದರೆ, ದಿನಕ್ಕೆ 34 ನಿಮಿಷ ನಿದ್ದೆ ಹೆಚ್ಚಾಗಿತ್ತು.

ಶಾಲೆಯ ಗಂಟೆಯನ್ನು ಬದಲಿಸುವುದು ನಿಮ್ಮೊಬ್ಬರ ಕೈಯಲ್ಲಿಲ್ಲ, ಬಸ್ಸು, ಪಾಲಕರ ಕೆಲಸದ ವೇಳೆ ಎಲ್ಲ ಅದಕ್ಕೆ ಹೆಣೆದುಕೊಂಡಿವೆ ಎಂದು ಗೊತ್ತು. ಆದರೆ ಶಾಲೆಗೂ ಮುಂಚೆ ‘ವಿಶೇಷ ತರಗತಿ’ ಇಡುವುದು ನಿಮ್ಮದೇ ತೀರ್ಮಾನ. ಮೊದಲ ತಿಂಗಳಾದರೂ ಅದನ್ನು ಕೈಬಿಡಿ. ಮೊದಲ ಪಿರಿಯಡ್‌ಗೆ ಕಿರುಪರೀಕ್ಷೆ ಇಡಬೇಡಿ. ರಾತ್ರಿ ಹತ್ತಕ್ಕೆ ತರಗತಿಯ ವಾಟ್ಸಾಪ್ ಗುಂಪಿಗೆ ನಾಳೆಯ ಹೋಂವರ್ಕ್ ಹಾಕುವ ಶಿಕ್ಷಕರಿಗೆ, ದಯವಿಟ್ಟು, ನೀವೇ ಹೇಳಿ. ನಾನು ಹೇಳಿದರೆ ಕೇಳುವುದಿಲ್ಲ.

ಪರೀಕ್ಷೆಯ ಮಾತು ಬಂತಲ್ಲ. ಮೂರನೇ ವಾರದಲ್ಲೇ ಕಿರುಪರೀಕ್ಷೆ ಮಾಡಿ, ಅಂಕಗಳನ್ನು ಇಳಿಕೆಯ ಕ್ರಮದಲ್ಲಿ ಸೂಚನಾ ಫಲಕಕ್ಕೆ ಹಾಕುವುದರಿಂದ ನಮಗೆ ಏನು ತಿಳಿಯುತ್ತದೆ? ಯಾರು ರಜೆಯಲ್ಲಿ ಟ್ಯೂಷನ್‌ಗೆ ಹೋಗಿದ್ದರು ಎಂಬುದು. ಮಗುವಿಗೆ ಏನು ತಿಳಿಯುತ್ತದೆ? ಈ ತರಗತಿಯಲ್ಲಿ ತಾನು ಎಷ್ಟನೆಯವನು ಎಂಬುದು, ಇಡೀ ವರ್ಷಕ್ಕೆ. ಕಲಿತದ್ದೆಷ್ಟು ಎಂದು ನಮಗೆ ತಿಳಿಯಬೇಕಾದರೆ ಪರೀಕ್ಷೆ ಮಾಡೋಣ, ಉತ್ತರ ಪತ್ರಿಕೆಯನ್ನು ಮಗುವಿನ ಕೈಗೇ ಕೊಡೋಣ, ಫಲಕದ ಜಾಗದಲ್ಲಿ ಬೇರೇನಾದರೂ ಹಾಕೋಣ. ಹಾಗೆಯೇ, ಪಠ್ಯ ಹಿಂದೆ ಬಿತ್ತೆಂದು ಆಟದ ಪಿರಿಯಡ್ ಕಸಿದುಕೊಳ್ಳುವುದು ನಿಲ್ಲಲಿ. ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ 81% ಮಂದಿಗೆ ಅದು ಸಿಗುತ್ತಿಲ್ಲ ಎಂದೂ ಅದೇ ಸಂಸ್ಥೆ ಲೆಕ್ಕ ಹಾಕಿದೆ.

ಇನ್ನು ಆ ಐದಾರು ಮಕ್ಕಳು. ತಳಮಳ ವಾರಗಳು ಕಳೆದರೂ ಇಳಿಯದಿದ್ದರೆ, ಇಷ್ಟದ ಆಟವನ್ನೂ ಮಗು ಬಿಟ್ಟರೆ, ಊಟ ನಿದ್ದೆಯ ಲಯ ತಪ್ಪಿದರೆ, ಸೆಖೆಯಲ್ಲೂ ತುಂಬುತೋಳಿನ ಅಂಗಿ ಬಿಚ್ಚದಿದ್ದರೆ, “ನಾನಿಲ್ಲದಿದ್ದರೆ ಯಾರಿಗೇನು” ಎಂಬ ಮಾತು ತಮಾಷೆಯಂತೆ ಬಂದುಹೋದರೆ ಅದನ್ನು ತಮಾಷೆ ಎಂದುಕೊಂಡು ಬಿಡಬಾರದು. ಇಲ್ಲಿ ಶಿಕ್ಷಕರನ್ನು ಹಿಂಜರಿಸುವುದು ಒಂದು ಭಯ: ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುವುದಿಲ್ಲವೇ ಎಂದು. ಆಗುವುದಿಲ್ಲ. ನ್ಯೂಯಾರ್ಕ್ ರಾಜ್ಯದ 6 ಪ್ರೌಢಶಾಲೆಗಳ 2,000ಕ್ಕೂ ಹೆಚ್ಚು ವಿದ್ಯಾರ್ಥಿಗಳೊಡನೆ ಇದನ್ನೇ ಪರೀಕ್ಷಿಸಿದ ಅಧ್ಯಯನ 2005ರಲ್ಲಿ ಬಂತು. ಆ ಪ್ರಶ್ನೆ ಕೇಳಿಸಿಕೊಂಡ ಮಕ್ಕಳಲ್ಲಿ ಸಂಕಟವಾಗಲಿ, ಅಂಥ ಯೋಚನೆಯಾಗಲಿ ಹೆಚ್ಚಲಿಲ್ಲ. ಆದ್ದರಿಂದ ಕೇಳಬಹುದು, ತಗ್ಗಿದ ಧ್ವನಿಯಲ್ಲಿ, ಬೇರೆಯವರಿಲ್ಲದ ಕಡೆ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಮನೆಯವರಿಗೆ, ಆಪ್ತಸಮಾಲೋಚಕರಿಗೆ, ವೈದ್ಯರಿಗೆ ದಾಟಿಸಬೇಕು. “ಯಾರಿಗೂ ಹೇಳಲ್ಲ” ಎಂದು ಮಾತ್ರ ಮಾತು ಕೊಡಬಾರದು. “ನಿನ್ನನ್ನು ಕಾಪಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ” ಎನ್ನಬಹುದು.

ಯಾರಿಗೆ ಹೇಳಬೇಕು, ಎಷ್ಟು ಹೊತ್ತಿನೊಳಗೆ, ಅವರು ರಜೆಯಲ್ಲಿದ್ದರೆ ಇನ್ಯಾರು, ಈ ಮೂರು ಸಾಲು ಪ್ರತಿ ಶಿಕ್ಷಕರ ಡೈರಿಯ ಮೊದಲ ಪುಟದಲ್ಲಿರಲಿ. ಶಾಲೆ ತೆರೆಯುವ ಮೊದಲೇ. ಅಂದಹಾಗೆ, ಸಮಾಲೋಚಕರ ಕೋಣೆ ಮುಖ್ಯೋಪಾಧ್ಯಾಯರ ಕೋಣೆಯ ಪಕ್ಕದಲ್ಲಿದ್ದರೆ ದಯವಿಟ್ಟು ಬದಲಿಸಿ. ಆ ಮೊಗಸಾಲೆಯಲ್ಲಿ ನಿಂತ ಮಗುವನ್ನು ನೋಡಿದವರೆಲ್ಲ “ಏನು ತಪ್ಪು ಮಾಡಿದ?” ಎಂದೇ ಕೇಳುತ್ತಾರೆ.

ಇಷ್ಟೆಲ್ಲ ಶಿಕ್ಷಕರ ತಲೆಗೆ ಕಟ್ಟುತ್ತಿದ್ದಾಳಲ್ಲ ಎಂದು ನನ್ನ ಸಹೋದ್ಯೋಗಿಗಳು ಬೈದುಕೊಳ್ಳುತ್ತಿರಬಹುದು. ಅವರ ಸಿಟ್ಟು ನ್ಯಾಯವಾದದ್ದೇ. ಅಂಕಿಅಂಶ ತುಂಬುವುದು, ಫೋಟೊ ತೆಗೆದು ವರದಿ ಕಳಿಸುವುದು, ಒಂದೇ ಮಾಹಿತಿಯನ್ನು ಮೂರು ನಮೂನೆಗಳಲ್ಲಿ ಬರೆಯುವುದು, ಇವು ಮೊದಲ ತಿಂಗಳಲ್ಲೇ ಮುಗಿಬೀಳುತ್ತವೆ. ಹೆಸರು ಹಿಡಿದು ಮಗುವನ್ನು ಮಾತಾಡಿಸಲು ಪುರುಸೊತ್ತು ಎಲ್ಲಿಂದ ಬರಬೇಕು? ನಾನು ಈ ಪತ್ರವನ್ನು ಶಿಕ್ಷಕರಿಗೆ ಬರೆಯದೆ ನಿಮಗೆ ಬರೆದಿರುವುದು ಇದೇ ಕಾರಣಕ್ಕೆ. ಆ ನಮೂನೆಗಳಲ್ಲಿ ಯಾವುದು ಎರಡನೇ ತಿಂಗಳಿಗೆ ಹೋಗಬಹುದು, ಯಾವುದನ್ನು ಕಚೇರಿ ಸಿಬ್ಬಂದಿ ತುಂಬಬಹುದು ಎಂದು ತೀರ್ಮಾನಿಸುವ ಅಧಿಕಾರ ಇರುವುದು ನಿಮಗೆ.

ಈ ಪತ್ರ ಪಾಲಕರ ಕಣ್ಣಿಗೂ ಬಿದ್ದರೆ ಅವರಲ್ಲೊಂದು ಮಾತು. ಮಗು ಮನೆಗೆ ಬಂದು ಚೀಲ ಇಳಿಸುವ ಮುನ್ನವೇ “ಇವತ್ತು ಏನು ಮಾಡಿದ್ರು?” ಎಂದು ಕೇಳಿದರೆ ಸಿಗುವ ಉತ್ತರ “ಏನಿಲ್ಲ.” ಸ್ವಲ್ಪ ಹೊತ್ತು ಬಿಡಿ. ಜೊತೆಗೆ ನಡೆಯುವಾಗ, ಪಾತ್ರೆ ಒರೆಸುವಾಗ, ಮುಖ ನೋಡದೆ ಕೇಳಿದರೆ ಮಾತು ಬರುತ್ತದೆ. ಎಷ್ಟು ಅಂಕ ಬಂತು ಎಂಬುದಕ್ಕೆ ಮೊದಲು, ಊಟಕ್ಕೆ ಯಾರ ಜೊತೆ ಕೂತಿದ್ದೆ ಎಂದು ಕೇಳಿ. ಮಲಗುವ ಹೊತ್ತನ್ನು ಒಂದೇ ರಾತ್ರಿಗೆ ಎರಡು ಗಂಟೆ ಹಿಂದಕ್ಕೆ ಎಳೆಯಲು ಹೋಗಬೇಡಿ. ಶಾಲೆ ತೆರೆಯುವ ವಾರಕ್ಕೂ ಮುಂಚಿನಿಂದ ದಿನಕ್ಕೆ ಹದಿನೈದು ನಿಮಿಷದಂತೆ ಏಳುವ ಹೊತ್ತನ್ನು ಸರಿಸುತ್ತಾ ಬನ್ನಿ, ಎದ್ದ ಕೂಡಲೇ ಬೆಳಕಿಗೆ ಕಳಿಸಿ. ರಾತ್ರಿ ಫೋನು ಮಲಗುವ ಕೋಣೆಯ ಹೊರಗಿರಲಿ, ನಿಮ್ಮದೂ ಸೇರಿ.

ಮಾನ್ಯರೇ, ಸಭೆಯ ಸೂಚನಾಪತ್ರ ಇನ್ನೂ ಹೊರಟಿಲ್ಲವಾದರೆ ಒಂದು ತಿದ್ದುಪಡಿ ಕೋರುತ್ತೇನೆ. ಕೊನೆಯಲ್ಲಿರುವ ವಿಷಯವನ್ನು ಮೊದಲಿಗೆ ತನ್ನಿ, ಅದಕ್ಕೆ ಅರ್ಧ ಗಂಟೆ ಮೀಸಲಿಡಿ. ಆ ಅರ್ಧ ಗಂಟೆಯಲ್ಲಿ ಭಾಷಣ ಬೇಡ. ಹೆಸರಿನ ಪಟ್ಟಿ ಗೋಡೆಗೆ ಹಚ್ಚಿ, ಎಲ್ಲರ ಕೈಗೂ ಒಂದೊಂದು ಪೆನ್ನು ಕೊಡಿ. ಹೊಸದಾಗಿ ಸೇರುವ ಮಕ್ಕಳ ಹೆಸರು ಪಟ್ಟಿಯ ಮೇಲ್ಗಡೆ ಇರಲಿ, ಅವರ ಮುಂದೆ ಚುಕ್ಕೆ ಇಡಲು ಯಾರೂ ಇರುವುದಿಲ್ಲ. ಮೊದಲು ಹಂಚಿಕೊಳ್ಳಬೇಕಾದ ಹೆಸರುಗಳು ಅವು.

ಇಂತಿ ವಿಶ್ವಾಸದಿಂದ,
ಒಬ್ಬ ಪ್ರೌಢಶಾಲಾ ಶಿಕ್ಷಕಿ